ಹಳೇ ಗಾಡಿ, ಸ್ವಂತ ಕೈ: ಓದುಗರ ಪ್ರಶ್ನೆಗಳಿಗೆ ಉತ್ತರ

ನನ್ನದು 2006ರ ಸ್ಪ್ಲೆಂಡರ್. ಬೆಳಗ್ಗೆ ಹತ್ತು ಹದಿನೈದು ಕಿಕ್ ಹೊಡೆದರೇ ಸ್ಟಾರ್ಟ್ ಆಗೋದು. ಮೈಲೇಜ್ 60ರಿಂದ 45ಕ್ಕೆ ಇಳಿದಿದೆ. ಎಮಿಷನ್ ಟೆಸ್ಟಿನಲ್ಲಿ ಸಿಒ 5 ಬಂದು ಫೇಲ್ ಆಯ್ತು. ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ಬದಲಾಯಿಸಿ ಅಂತಾರೆ. ಬದಲಾಯಿಸಲೇಬೇಕಾ?
— ಓದುಗರು, ಶ್ರೀನಗರ

ಸದ್ಯಕ್ಕೆ ಬೇಡ. ನಿಮ್ಮ ಬೈಕಿನ ಹೊಗೆಯಲ್ಲಿ ಸಿಒ, ಅಂದರೆ ಕಾರ್ಬನ್ ಮಾನಾಕ್ಸೈಡ್, ಇರಬಹುದಾದ ಮಿತಿ ಶೇ. 3.5. ಅದು 5 ಇದೆ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಹಾಗಾಗಿ ಗಾಳಿಯ ದಾರಿಯಿಂದ ಶುರು ಮಾಡಿ. ಏರ್ ಫಿಲ್ಟರ್ ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ತಿರುಚದೆ ಅದುಮಿ ಹಿಂಡಿ, ಒಣಗಿಸಿ, ಹೊಸ ಎಂಜಿನ್ ಆಯಿಲ್‌ನಲ್ಲಿ ಅದ್ದಿ ಮತ್ತೆ ಹಿಂಡಿ ಹಾಕಿ. ಕಾಗದದ್ದಾದರೆ ತೊಳೆಯುವ ಗೊಡವೆಯೇ ಬೇಡ, ಹೊಸದು ಹಾಕಿ. ಗಾಳಿ ತಡೆಯುವ ಚೋಕ್ ಲಿವರ್ ಪೂರ್ತಿ ವಾಪಸ್ ಬರುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಎಷ್ಟೋ ಗಾಡಿಗಳಲ್ಲಿ ಅದು ಅರ್ಧಕ್ಕೇ ಸಿಕ್ಕಿಕೊಂಡಿರುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿಯಲ್ಲಿ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅನ್ನುವುದು ಖಚಿತ. ಎಣ್ಣೆಯ ಜಿಡ್ಡಿದ್ದರೆ ಕಥೆ ಬೇರೆ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಅದು ಮನೆ ಕೆಲಸವಲ್ಲ. ಪ್ಲಗ್ ತುದಿಯ ಗ್ಯಾಪ್ 0.6ರಿಂದ 0.7 ಮಿ.ಮೀ. ಇಟ್ಟು, ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿದ ಮೇಲಷ್ಟೇ ಸ್ಪ್ಯಾನರ್ ಹಾಕಿ. ಮೊದಲೇ ಸ್ಪ್ಯಾನರ್ ಹಾಕಿದರೆ ಹೆಡ್ಡಿನ ಅಲ್ಯೂಮಿನಿಯಂ ಮರೆ (ಥ್ರೆಡ್) ಕಿತ್ತುಬರುತ್ತದೆ.

ಬೆಳಗಿನ ಕಿಕ್ಕಿನ ಕಾಟಕ್ಕೆ ನಮ್ಮ ಅನುಮಾನ ಟ್ಯಾಪೆಟ್ ಮೇಲೆ, ಅಂದರೆ ವಾಲ್ವನ್ನು ಒತ್ತುವ ರಾಕರ್ ತೋಳಿನ ತುದಿಯ ಸ್ಕ್ರೂ ಮೇಲೆ. ವಾಲ್ವ್ ತನ್ನ ಸೀಟಿನಲ್ಲಿ ಸವೆಯುತ್ತಾ ಹೋದಂತೆ ಟ್ಯಾಪೆಟ್ ಸಂದು ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಟ್ಯಾಪೆಟ್ ಶಬ್ದ ಮಾಡುತ್ತಿಲ್ಲ ಅಂತ ಸಮಾಧಾನಪಡಬೇಡಿ, ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ. ರಾತ್ರಿಯಿಡೀ ತಣ್ಣಗಾದ ಎಂಜಿನ್ ಮೇಲೆ ಮಾತ್ರ ಈ ಕೆಲಸ ಮಾಡಿ. ಪ್ಲಗ್ ತೆಗೆದು, ಹೆಡ್ಡಿನ ಟ್ಯಾಪೆಟ್ ಮುಚ್ಚಳಗಳನ್ನೂ ಎಡಬದಿಯ ಕವರಿನ ಎರಡು ಮುಚ್ಚಳಗಳನ್ನೂ ಬಿಚ್ಚಿ, ಫ್ಲೈವೀಲನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ 'ಟಿ' ಗುರುತನ್ನು ಕಚ್ಚಿಗೆ ಸರಿಹೊಂದಿಸಿ. ಆಗ ಎರಡೂ ರಾಕರ್ ತುಸು ಅಲುಗಾಡಬೇಕು. ಅಲುಗದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಎರಡೂ ವಾಲ್ವಿಗೆ ಸಂದು 0.05 ಮಿ.ಮೀ. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಸ್ವಲ್ಪ ಹಿಡಿದು ಹಿಡಿದು ಜಾರಿದರೆ ಸರಿ. ಇಲ್ಲದಿದ್ದರೆ ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ ಹೊಂದಿಸಿ. ಲಾಕ್ ನಟ್ ಬಿಗಿ ಮಾಡುವಾಗ ಸಂದು ಬದಲಾಗುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎಡವುವುದು ಇಲ್ಲೇ.

ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕೊನೆಗೆ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತು ಆಯಿತೆಂದು ಬರೆದಿಟ್ಟುಕೊಳ್ಳಿ, ಮತ್ತೆ ಅಷ್ಟೇ ಸುತ್ತು ಹೊರಕ್ಕೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ಆಚೀಚೆ ಮಾಡಿ, ಐಡ್ಲಿಂಗ್ ಹೆಚ್ಚು ಚುರುಕಾಗುವ ಜಾಗದಲ್ಲಿ ಬಿಟ್ಟು, ಥ್ರಾಟಲ್ ಸ್ಕ್ರೂನಿಂದ 1400 ಆರ್‌ಪಿಎಂಗೆ ಇಳಿಸಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನೂ ಒಮ್ಮೆ ತಿರುಗಿಸಿ ನೋಡಿ. ಬ್ರೇಕ್ ಶೂ ಉಜ್ಜುತ್ತಿದ್ದರೆ ಮೈಲೇಜ್ ಕಳ್ಳ ಅಲ್ಲೇ ಇದ್ದಾನೆ.

ಹಳೇ ಟೂ-ಸ್ಟ್ರೋಕ್ ಚೇತಕ್ ಇದೆ, ಭಾನುವಾರ ಮಾತ್ರ ಓಡಿಸುತ್ತೇನೆ. ಈಗಿನ ಎಥನಾಲ್ ಪೆಟ್ರೋಲಿನಿಂದ ತೊಂದರೆಯೇ?
— ಓದುಗರು, ಮಲ್ಲೇಶ್ವರ

ನಿಂತ ಗಾಡಿಗೆ ತೊಂದರೆ ಹೆಚ್ಚು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ. ಮನೆ ಮುಟ್ಟುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಖಾಲಿಯಾಗಿ ಎಂಜಿನ್ ತಾನಾಗೇ ನಿಲ್ಲಲಿ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಲೀಟರಿಗೆ 20 ಮಿ.ಲೀ. ಇರಲಿ. ಹೊಗೆ ಬರುತ್ತದೆಂದು ಕಡಿಮೆ ಮಾಡಿದರೆ ಪಿಸ್ಟನ್ ಜಾಮ್ ಆಗುತ್ತದೆ.

ಮಾರುತಿ 800 ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತೆ, ತುಮಕೂರು ರಸ್ತೆಯಲ್ಲಿ ಏನೂ ಆಗಲ್ಲ.
— ಓದುಗರು, ಬಿ.ಟಿ.ಎಂ. ಬಡಾವಣೆ

ಓಡುವಾಗ ಗಾಳಿ ತಾನೇ ಬಡಿಯುತ್ತದೆ, ನಿಂತಾಗ ಫ್ಯಾನೇ ಗತಿ. ಹಾಗಾದರೆ ಫ್ಯಾನ್ ತಿರುಗುತ್ತಿಲ್ಲ. ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು, ಬಿಸಿಯೇರಿದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ಚಿನ ವೈರ್ ಕಳಚಿ. ಎರಡು ವೈರಿದ್ದರೆ ಒಂದಕ್ಕೊಂದು, ಒಂದೇ ಇದ್ದರೆ ಎಂಜಿನ್ನಿನ ಲೋಹದ ಮೈಗೆ ತಾಗಿಸಿ. ಬೆರಳು ಫ್ಯಾನಿನಿಂದ ದೂರವಿರಲಿ. ಫ್ಯಾನ್ ತಿರುಗಿದರೆ ಸ್ವಿಚ್ ಹಾಳು, ಸುಮ್ಮನಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟಾರ್ ನೋಡಿ. ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದರ ಸುಣ್ಣ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಹಾಕಿ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಗ್ಯಾರೇಜ್ ಉಪಾಯಕ್ಕೆ ಒಪ್ಪಬೇಡಿ. ಎಂಜಿನ್ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ.

ಸ್ಪೇರ್ ಎಲ್ಲಿ ಕೊಳ್ಳಲಿ?
— ಓದುಗರು, ಯಲಹಂಕ

ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇದಕ್ಕೆ ಶಿವಾಜಿನಗರದ ಗುಜರಿ. ಬಿಚ್ಚಿದ ಹಳೇ ಪಾರ್ಟನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಮಾಡೆಲ್ ಹೆಸರು ಒಂದೇ ಆದರೂ ವರ್ಷಕ್ಕೊಂದು ಅಳತೆ ಇರುತ್ತದೆ. ಸೈಡ್ ಪ್ಯಾನೆಲ್, ಲೈಟ್ ಡೂಮ್, ಮಡ್‌ಗಾರ್ಡ್ ಗುಜರಿಯಲ್ಲಿ ಧಾರಾಳವಾಗಿ ಕೊಳ್ಳಿ. ಬ್ರೇಕ್ ಶೂ, ಕೇಬಲ್, ಆಯಿಲ್ ಸೀಲ್ ಮಾತ್ರ ಹೊಸದೇ ಇರಲಿ, ಬಿಲ್ಲೂ ಕೇಳಿ ತಗೊಳ್ಳಿ.