ಇಲಿ-ಬೆಕ್ಕಿನ ಕಾಮಿಕ್ಸ್ ದೊಡ್ಡವರು ಓದೋದಾ?

ಪ್ರಶ್ನೆ: ನನಗೆ 58 ವರ್ಷ. ಅಮರ ಚಿತ್ರಕಥೆ, ಫ್ಯಾಂಟಮ್ ಬಿಟ್ಟರೆ ಬೇರೆ ಕಾಮಿಕ್ಸ್ ಮುಟ್ಟಿದವನಲ್ಲ. ಈಗ ಮಗಳು ‘ಮೌಸ್’ ಅಂತ ಒಂದು ಪುಸ್ತಕ ಕೊಟ್ಟಿದ್ದಾಳೆ. ಬಣ್ಣವೇ ಇಲ್ಲ, ಬರೀ ಇಲಿ, ಬೆಕ್ಕು. ಓದಲೇಬೇಕಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಓದಿ ಸಾರ್, ಆದರೆ ಮಲಗುವ ಮುಂಚೆ ಬೇಡ. ಅದರಲ್ಲಿ ಇಲಿಗಳು ಯಹೂದಿಗಳು, ಬೆಕ್ಕುಗಳು ನಾಜಿಗಳು. ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಿಂದ ಬದುಕಿ ಬಂದ ತನ್ನ ಅಪ್ಪನ ಕಥೆಯನ್ನು ಆರ್ಟ್ ಸ್ಪೀಗಲ್‌ಮನ್ ಹೀಗೆ ಬರೆದಿದ್ದಾರೆ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿಯೂ ಬಂತು.

ನಾನೂ ನಿಮ್ಮ ಹಾಗೇ ಇದ್ದವಳು. ಮೊದಲ ಸಲ ಜಪಾನಿನ ಮಾಂಗಾ, ಅಂದರೆ ಅಲ್ಲಿನ ಕಾಮಿಕ್ಸ್, ಸಿಕ್ಕಾಗ ನಮ್ಮ ಪುಸ್ತಕದ ಹಾಗೆ ಎಡಗಡೆಯಿಂದ ಶುರು ಮಾಡಿದೆ. ಎರಡನೇ ಪುಟದಲ್ಲಿ ಸತ್ತವನು ಹತ್ತನೇ ಪುಟದಲ್ಲಿ ಎದ್ದು ಕೂತು ಊಟ ಮಾಡುತ್ತಿದ್ದ! ಬಲದಿಂದ ಎಡಕ್ಕೆ ಓದಬೇಕು ಅಂತ ಅಣ್ಣನ ಮಗ ನಕ್ಕು ನಕ್ಕು ಹೇಳಿಕೊಟ್ಟ.

‘ಮೌಸ್’ ಭಾರ ಅನ್ನಿಸಿದರೆ ಮೊದಲು ಮರ್ಜಾನೆ ಸತ್ರಾಪಿಯ ‘ಪರ್ಸೆಪೊಲಿಸ್’ ಹಿಡಿಯಿರಿ. ಅದೂ ಕಪ್ಪು-ಬಿಳುಪೇ. 1980ರ ಇರಾನ್, ಹತ್ತು ವರ್ಷದ ಹುಡುಗಿ. ಶಾಲೆಯಲ್ಲಿ ತಲೆಗೆ ಬಟ್ಟೆ ಕಡ್ಡಾಯ ಮಾಡಿದ್ದಾರೆ. ಮಕ್ಕಳೋ ಅದನ್ನೇ ಸ್ಕಿಪ್ಪಿಂಗ್ ಹಗ್ಗ ಮಾಡಿಕೊಂಡು ಕುಣಿಯುತ್ತಿದ್ದಾರೆ. ಆ ಒಂದು ಚಿತ್ರದ ಮುಂದೆ ನಾನು ಸುಮ್ನೆ ಕೂತುಬಿಟ್ಟೆ. ಬಣ್ಣ ಇದ್ದಿದ್ದರೆ ಜಾಸ್ತಿ ಆಗುತ್ತಿತ್ತು ಅನ್ನಿಸಿತು.

ಹಾಗಂತ ಹಳೇ ಕಟ್ಟನ್ನು ರದ್ದಿಗೆ ಹಾಕಬೇಡಿ. ಅಮರ ಚಿತ್ರಕಥೆಯ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ ಅಲ್ವಾ!