ಟ್ರ್ಯಾಕಲ್ಲಿ ಬ್ರೇಕ್ ಕೈಕೊಟ್ಟಿದ್ದು ಹಳೇ ಆಯಿಲ್‌ನಿಂದ ಇರಬೇಕು

ಮೈಸೂರು ರಿಂಗ್ ರೋಡಿನ ರೇಸಲ್ಲಿ ಸರಿಯಿದ್ದ ಬ್ರೇಕು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಲ್ಲಿ ಐದನೇ ಸುತ್ತಿಗೆ ಮೆತ್ತಗಾಯಿತು ಅಂದಿದ್ದೀರಿ. ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿರಬೇಕು, ಅದಕ್ಕೇ ಲಿವರ್ ಮೆತ್ತಗಾಗೋದು. ನನ್ನ ಬೈಕಿಗೂ ಅದೇ ಆಗಿತ್ತು. ಅಲ್ಲಿ ತಿರುವಿನ ಮೇಲೆ ತಿರುವು, ಬ್ರೇಕ್ ತಣ್ಣಗಾಗಲು ಪುರುಸೊತ್ತೇ ಇಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದರೆ 230 ಡಿಗ್ರಿವರೆಗೆ ತಡೆಯುತ್ತೆ. ಗಾಳಿಯ ತೇವ ಹೀರಿಕೊಂಡಿದ್ದರೆ 155ರ ಹತ್ತಿರವೇ ಕುದಿಯಬಹುದು.

ಮೊದಲು ಹಳೇ ಆಯಿಲ್ ಪೂರ್ತಿ ತೆಗೆಸಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಿಸಿ, ಬ್ಲೀಡ್ ಮಾಡಿಸಿ (ಅಂದರೆ ಪೈಪಿನೊಳಗಿನ ಗಾಳಿ ತೆಗೆಸಿ). ಡಾಟ್ 5 ಬೇಡ, ಅದು ಸಿಲಿಕೋನ್, ಡಾಟ್ 4 ಜೊತೆ ಬೆರೆಯಲ್ಲ. ಆಮೇಲೆ ಲಿವರ್ ಗಟ್ಟಿಯಾಗಿ ಒಂದು ನಿಮಿಷ ಹಿಡಿದು ನೋಡಿ. ನಿಧಾನವಾಗಿ ಒಳಗೆ ಹೋದರೆ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಸೀಲ್ ಹೋಗಿರಬಹುದು, ಅದನ್ನು ಬೈಕ್ ನೋಡದೆ ಖಚಿತವಾಗಿ ಹೇಳಲಾರೆ. ಪ್ಯಾಡ್ ಗಾಜಿನಂತೆ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಿ.

'ಟ್ರ್ಯಾಕಿಗಿಂತ ರೋಡೇ ವಾಸಿ' ಅನ್ನುವ ಗೆಳೆಯರ ಮಾತು ಸುಮ್ನೆ. ಇದೇ ಬ್ರೇಕ್ ರಿಂಗ್ ರೋಡಲ್ಲಿ ಕೈಕೊಟ್ಟಿದ್ದರೆ ಎದುರಿಗೆ ಕಬ್ಬಿನ ಲಾರಿ ಇರುತ್ತಿತ್ತು, ಅಲ್ವಾ? ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಸ್ತೆ ರೇಸಿಗೆ ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮುಂದಿನ ಸಲ ಮೊದಲೆರಡು ಸುತ್ತು ನಿಧಾನವಾಗಿ ಹೋಗಿ. ಲಿವರ್ ಸ್ವಲ್ಪ ಮೆತ್ತಗಾದರೂ ಪಿಟ್‌ಗೆ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ) ಬಂದುಬಿಡಿ.