ಮೆಲ್ಬರ್ನಿನ ಮೊದಲ ಬೇಸಿಗೆಗೆ ಬರುತ್ತಿರುವವರಿಗೆ

ನೀವು ಕೇಳಿದ್ದು ಇಷ್ಟು: ಡಿಸೆಂಬರ್ ಮೂರನೇ ವಾರ ರಾಯಚೂರಿನಿಂದ ಮೆಲ್ಬರ್ನಿಗೆ ಬರುತ್ತಿದ್ದೀರಿ, ಪಶ್ಚಿಮದ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಕ್ಕಿದೆ, ಎಂಟು ಮತ್ತು ನಾಲ್ಕು ವರ್ಷದ ಮಕ್ಕಳಿದ್ದಾರೆ, ಶಾಲೆ ಶುರುವಾಗುವುದು ಜನವರಿ ಕೊನೆಗೆ. ಅಲ್ಲಿಯವರೆಗೆ ದಿನ ಹೇಗೆ ಕಳೆಯುವುದು, ಏನೇನು ಎಚ್ಚರ ಬೇಕು? ಜೊತೆಗೆ "ಬಿಸಿಲು ನಮಗೆ ಹೊಸದಲ್ಲ" ಎಂದೂ ಬರೆದಿದ್ದೀರಿ. ಆ ಮಾತಿನಿಂದಲೇ ಶುರು ಮಾಡುತ್ತೇನೆ.

ರಾಯಚೂರಿನ ಸೆಕೆ ಕಂಡವರಿಗೆ ಇಲ್ಲಿನ 24 ಡಿಗ್ರಿ ತಂಪೇ ಸರಿ. ಆದರೆ ಇಲ್ಲಿ ಚರ್ಮ ಸುಡುವುದು ಸೆಕೆಯಿಂದಲ್ಲ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣದಿಂದ. ಗಾಳಿ ತಣ್ಣಗಿದ್ದರೂ, ಮೋಡ ಕವಿದಿದ್ದರೂ ಅದು ಇರುತ್ತದೆ. ಯುವಿ ಸೂಚ್ಯಂಕ 3 ಮುಟ್ಟಿದರೆ ಮೈ ಮುಚ್ಚಿಕೊಳ್ಳಬೇಕು ಎಂಬುದು ಇಲ್ಲಿನ ನಿಯಮ. ಬೇಸಿಗೆಯ ಮಧ್ಯಾಹ್ನ ಅದು 11 ದಾಟುವುದು ಸಾಮಾನ್ಯ. ಸನ್‌ಸ್ಮಾರ್ಟ್ ಆ್ಯಪ್ ಹಾಕಿಕೊಂಡರೆ ಆ ದಿನ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಚ್ಚರ ಬೇಕೆಂದು ತೋರಿಸುತ್ತದೆ. ಜನವರಿಯಲ್ಲಿ ಅದು ಸುಮಾರು ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದೂವರೆ. ಗಡಿಯಾರ ಒಂದು ಗಂಟೆ ಮುಂದಿಟ್ಟಿರುವುದರಿಂದ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಮುಕ್ಕಾಲಿನ ಹೊತ್ತಿಗೆ. ಅಂದರೆ ಸಂಜೆ ಆರರ ಮೇಲೂ ಎರಡೂಮುಕ್ಕಾಲು ಗಂಟೆ ಬೆಳಕು. ಪಾರ್ಕು, ಸೈಕಲ್ಲು, ಕ್ರಿಕೆಟ್ಟು ಎಲ್ಲವನ್ನೂ ಆ ಹೊತ್ತಿಗೆ ತಳ್ಳಿ. ಮಕ್ಕಳಿಗೆ ಬೆಳಕಿರುವಾಗ ನಿದ್ದೆ ಬರುವುದಿಲ್ಲ, ಮಲಗುವ ಕೋಣೆಗೆ ದಪ್ಪ ಪರದೆ ಬೇಕೇ ಬೇಕು.

ಸನ್‌ಸ್ಕ್ರೀನ್ ಹಚ್ಚುವುದರಲ್ಲಿ ಹೊಸಬರು ಎಡವುವುದು ಪ್ರಮಾಣದಲ್ಲಿ. ದೊಡ್ಡವರೊಬ್ಬರ ಮೈಗೆ ಏಳು ಟೀ ಚಮಚ ಬೇಕು: ಕೈಕಾಲು ನಾಲ್ಕಕ್ಕೆ ಒಂದೊಂದು, ಎದೆ-ಹೊಟ್ಟೆಗೆ ಒಂದು, ಬೆನ್ನಿಗೆ ಒಂದು, ಮುಖ-ಕತ್ತು-ಕಿವಿಗೆ ಒಂದು. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನೀರಿಂದ ಎದ್ದು ಟವೆಲ್ಲಿನಲ್ಲಿ ಒರೆಸಿಕೊಂಡರೆ ಮೊದಲು ಹಚ್ಚಿದ್ದು ಹೋಯಿತೆಂದೇ ಲೆಕ್ಕ. ಟ್ಯೂಬನ್ನು ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಅದರ ಗುಣ ಕೆಡುತ್ತದೆ. ಮಕ್ಕಳಿಗೆ ಉದ್ದ ತೋಳಿನ ಈಜು ಅಂಗಿ ಕೊಂಡುಬಿಡಿ. ಇಲ್ಲಿ ಅದನ್ನು ರ‍್ಯಾಶಿ ಅನ್ನುತ್ತಾರೆ. ಹಚ್ಚುವ ಕೆಲಸ ಅರ್ಧಕ್ಕಿಳಿಯುತ್ತದೆ.

ಇನ್ನು ಮನೆ. ಬೀಗದ ಕೈ ತೆಗೆದುಕೊಳ್ಳುವಾಗ ಎಸಿ ಯಾವ ಬಗೆಯದು ಎಂದು ಮೊದಲು ಕೇಳಿ. ಗೋಡೆಯ ಮೇಲೆ ಉದ್ದನೆಯ ಪೆಟ್ಟಿಗೆ ಇದ್ದರೆ ಅದು ನಮಗೆ ಗೊತ್ತಿರುವ ಎಸಿ, ಕಿಟಕಿ ಮುಚ್ಚಬೇಕು. ಚಾವಣಿಯಲ್ಲಿ ಜಾಲರಿಗಳಿದ್ದು, ಹೆಂಚಿನ ಮೇಲೆ ದೊಡ್ಡ ಪೆಟ್ಟಿಗೆ ಕೂತಿದ್ದರೆ ಅದು ಇವಾಪೊರೇಟಿವ್ ಕೂಲರ್ ಇರಬಹುದು. ನಿಮ್ಮೂರಿನ ಏರ್ ಕೂಲರಿನ ಕೆಲಸವೇ ಅದರದ್ದು, ಹೊರಗಿನ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ಒಳಗೆ ಬಿಡುತ್ತದೆ. ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಬೇಕು. ನೀವಿರುವ ಕೋಣೆಗಳ ಕಿಟಕಿ ಒಂದು ಗೇಣಿನಷ್ಟು ತೆರೆದಿಡಿ. ಎಲ್ಲ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಮನೆ ಜಿಗುಟು ಜಿಗುಟಾಗುತ್ತದೆ, ಯಂತ್ರ ಕೆಟ್ಟಿದೆ ಎಂದು ಏಜೆಂಟರಿಗೆ ಫೋನು ಹೋಗುತ್ತದೆ. ಕಾಡ್ಗಿಚ್ಚಿನ ಹೊಗೆ ಊರಿಗೆ ಬಂದ ದಿನ ಮಾತ್ರ ಅದನ್ನು ಹಾಕಲೇಬಾರದು, ಹೊಗೆಯನ್ನೂ ಎಳೆದು ತರುತ್ತದೆ.

ಒಳನಾಡಿನ ಕಡೆಯಿಂದ ಬಡಗಣ ಗಾಳಿ ಬೀಸಿದ ದಿನ 40 ಡಿಗ್ರಿ ಮುಟ್ಟುತ್ತದೆ. ಅಂಥ ದಿನ ಬೆಳಗ್ಗೆ ಎಂಟಕ್ಕೇ ಕಿಟಕಿ ಮುಚ್ಚಿ (ಇವಾಪೊರೇಟಿವ್ ಕೂಲರ್ ಹಾಕಿದಾಗ ಮಾತ್ರ ಮೇಲೆ ಹೇಳಿದಂತೆ ಗೇಣಿನಷ್ಟು ತೆರೆದಿಡಿ), ಪರದೆ ಎಳೆಯಿರಿ, ಪಡುವಣ ಕಿಟಕಿಗೆ ಹೊರಗಿನ ಬ್ಲೈಂಡ್ ಇದ್ದರೆ ಇಳಿಸಿಬಿಡಿ. ಬಿಸಿಲು ಗಾಜು ದಾಟಿ ಬಂದ ಮೇಲೆ ಒಳಗಿನ ಪರದೆಯಿಂದ ಹೆಚ್ಚೇನೂ ಆಗದು. ಸಂಜೆಯೋ ರಾತ್ರಿಯೋ ನೈರುತ್ಯದ ಗಾಳಿ ತಿರುಗುತ್ತದೆ. ಇಲ್ಲಿನವರು ಇದಕ್ಕೆ ಕೂಲ್ ಚೇಂಜ್ ಅನ್ನುತ್ತಾರೆ, ಹವಾಮಾನ ಇಲಾಖೆಯ ಆ್ಯಪಿನಲ್ಲಿ ಅದು ಬರುವ ಹೊತ್ತೂ ಇರುತ್ತದೆ. ಒಂದು ಗಂಟೆಯೊಳಗೆ 15 ಡಿಗ್ರಿ ಇಳಿಯುವುದುಂಟು. ಆಗ ಎಲ್ಲ ಕಿಟಕಿ, ಬಾಗಿಲು ತೆರೆದು ಜಾಲರಿ ಬಾಗಿಲು ಮಾತ್ರ ಹಾಕಿ. ಮಧ್ಯಾಹ್ನ ಹೊರಗೆ ಹೋಗುವಾಗ ಬಿಸಿಲಿದೆಯೆಂದು ಮಕ್ಕಳ ಸ್ವೆಟರ್ ಬಿಟ್ಟು ಹೋಗಬೇಡಿ.

ಬೀಚಿನ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಪೋರ್ಟ್ ಫಿಲಿಪ್ ಕೊಲ್ಲಿಯ ಒಳಗಿನ ಆಲ್ಟೋನಾ, ವಿಲಿಯಮ್ಸ್‌ಟೌನ್, ಸೇಂಟ್ ಕಿಲ್ಡಾ ಬೀಚುಗಳಲ್ಲಿ ಅಲೆ ಕಡಿಮೆ, ಚಿಕ್ಕ ಮಕ್ಕಳಿಗೆ ಅವೇ ಸರಿ. ಜೋರು ಮಳೆಯಾದರೆ ಒಂದೆರಡು ದಿನ ಅಲ್ಲೂ ನೀರಿಗಿಳಿಯಬೇಡಿ, ಚರಂಡಿ ನೀರು ಕೊಲ್ಲಿಗೇ ಬರುತ್ತದೆ. ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀಲಿ ಉಂಗುರದ ಪುಟ್ಟ ಆಕ್ಟೋಪಸ್ ಇರಬಹುದು, ಅದರ ಕಡಿತ ಪ್ರಾಣಕ್ಕೇ ಅಪಾಯ. ಮಕ್ಕಳು ಚಿಪ್ಪು ಎತ್ತಿಕೊಳ್ಳಲು ಅಲ್ಲಿ ಕೈ ಹಾಕಬಾರದು. ಟೋರ್ಕಿ, ಫಿಲಿಪ್ ದ್ವೀಪದಂಥ ತೆರೆದ ಸಮುದ್ರದ ಕಡೆ ಲೆಕ್ಕವೇ ಬೇರೆ. ಅಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು. ಜೀವರಕ್ಷಕರ ಕಣ್ಣಿರುವುದು ಅಲ್ಲೇ. ಬಾವುಟ ಇಲ್ಲದಿದ್ದರೆ ಮೊಣಕಾಲು ನೀರೂ ಬೇಡ. 2024ರ ಜನವರಿ 24ರಂದು ಫಿಲಿಪ್ ದ್ವೀಪದ ಫಾರೆಸ್ಟ್ ಕೇವ್ಸ್ ಬೀಚಿನಲ್ಲಿ ಭಾರತೀಯ ಮೂಲದ ನಾಲ್ವರು ಮುಳುಗಿ ತೀರಿಕೊಂಡರು. ಅಲ್ಲಿ ಜೀವರಕ್ಷಕರ ಕಾವಲು ಇರಲಿಲ್ಲ.

ಹೊಸಬರು ಮೋಸಹೋಗುವುದು ನೀರಿನ ಬಣ್ಣಕ್ಕೆ. ಎರಡೂ ಬದಿ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಗಾಢ ಬಣ್ಣದ್ದಾಗಿ ಶಾಂತವಾಗಿ ಕಂಡರೆ, ದಡಕ್ಕೆ ಬಂದ ನೀರು ವಾಪಸು ಕಡಲಿಗೆ ಓಡುವ ಜಾಗ ಅದು. ಅಲೆ ಇಲ್ಲವೆಂದು ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರಾಗಿ ಈಜಬೇಡಿ, ಅದರಲ್ಲೇ ಸುಸ್ತಾಗುತ್ತದೆ. ಅಂಗಾತ ತೇಲಿ, ಒಂದು ಕೈ ಎತ್ತಿ ಬೀಸಿ. ದಡದಲ್ಲಿರುವವರು ಕಾಪಾಡಲು ಧುಮುಕದೆ ತೇಲುವ ವಸ್ತು ಎಸೆದು, ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು. ಚೂಡಿದಾರ್, ಜೀನ್ಸ್ ನೀರು ಕುಡಿದು ಭಾರವಾಗುತ್ತವೆ, ನೀರಿಗೆ ಈಜುಡುಗೆಯೇ ಇರಲಿ. ನಿಮ್ಮ ನಗರಸಭೆಯ ಈಜುಕೊಳದಲ್ಲಿ ಜನವರಿಯಲ್ಲಿ ಒಂದು ವಾರ, ಎರಡು ವಾರದ ದಿನಾ ನಡೆಯುವ ಮಕ್ಕಳ ಈಜು ತರಗತಿ ಇದೆಯೇ ನೋಡಿ. ಜಾಗ ಬೇಗ ತುಂಬುವುದರಿಂದ ಊರಿನಲ್ಲಿ ಕೂತೇ ಹೆಸರು ಹಾಕಿಸಿ. ಬೇರೆ ಖರ್ಚು ಕಡಿತ ಮಾಡಿ, ಈ ತರಗತಿಯ ಖರ್ಚನ್ನು ಮಾತ್ರ ಕಡಿತ ಮಾಡಬೇಡಿ.

ಅಂಗಡಿಯಲ್ಲಿ ಗಾಳಿ ತುಂಬುವ ಕೊಳ ಅಗ್ಗಕ್ಕೆ ಸಿಗುತ್ತದೆ. 30 ಸೆಂಟಿಮೀಟರಿಗಿಂತ ಹೆಚ್ಚು ನೀರು ಹಿಡಿಯುವಂಥದ್ದಾದರೆ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದಲ್ಲಿ ಕಾನೂನಿನಂತೆ ಸುತ್ತ ಬೇಲಿ ಬೇಕು. ಅದಕ್ಕಿಂತ ತಗ್ಗಿನದನ್ನೇ ಕೊಳ್ಳಿ, ಆಟ ಮುಗಿದ ಕೂಡಲೇ ನೀರನ್ನು ಗಿಡಕ್ಕೆ ಚೆಲ್ಲಿ ಬೋರಲು ಹಾಕಿ. ತೋಟಕ್ಕೆ ಕೈಯಲ್ಲಿ ಹಿಡಿದ ಪೈಪಿಗೆ ಟ್ರಿಗರ್ ಇದ್ದರೆ ಯಾವಾಗ ಬೇಕಾದರೂ ನೀರು ಬಿಡಬಹುದು, ಸ್ಪ್ರಿಂಕ್ಲರಿಗೆ ಸಂಜೆ 6ರಿಂದ ಬೆಳಗ್ಗೆ 10 ಮಾತ್ರ.

ಪಾರ್ಕುಗಳ ಕರೆಂಟಿನ ಬಾರ್ಬೆಕ್ಯೂ ಹೆಚ್ಚಿನ ಕಡೆ ಪುಕ್ಕಟೆ. ಗುಂಡಿ ಒತ್ತಿದರೆ ತಟ್ಟೆ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಮತ್ತೆ ಒತ್ತಬೇಕು. ಅದೇ ತಟ್ಟೆಯ ಮೇಲೆ ದನದ, ಹಂದಿಯ ಮಾಂಸ ಬೆಂದಿರುತ್ತದೆ. ಬೇಡದವರು ಫಾಯಿಲ್ ಎರಡು ಪದರ ಹಾಸಿ ಜೋಳ, ಪನೀರು, ಬದನೆ ಸುಡಬಹುದು. ದೋಸೆ ಹುಯ್ಯಲು ಹೋಗಬೇಡಿ, ಹಿಟ್ಟು ಜಿಡ್ಡಿಳಿಯುವ ತೂತಿನ ಕಡೆ ಹರಿಯುತ್ತದೆ. ಕಾಡ್ಗಿಚ್ಚಿನ ಅಪಾಯ ಹೆಚ್ಚಿದೆಯೆಂದು ಟೋಟಲ್ ಫೈರ್ ಬ್ಯಾನ್ (ಬಯಲಿನ ಬೆಂಕಿಗೆ ನಿಷೇಧ) ಘೋಷಿಸಿದ ದಿನ ಇದ್ದಿಲ ಒಲೆ, ಸೌದೆ ಬೆಂಕಿ ಪೂರಾ ನಿಷಿದ್ಧ. ಹಿತ್ತಲಲ್ಲಿ ಗ್ಯಾಸ್ ಬಾರ್ಬೆಕ್ಯೂ ಹಚ್ಚಬೇಕಿದ್ದರೆ ಸುತ್ತ 3 ಮೀಟರ್ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು, ಪಕ್ಕದಲ್ಲಿ ನೀರಿನ ಪೈಪು ಅಥವಾ 10 ಲೀಟರ್ ನೀರು ಇರಬೇಕು, ಆರುವವರೆಗೂ ದೊಡ್ಡವರೊಬ್ಬರು ಅಲ್ಲೇ ನಿಲ್ಲಬೇಕು. ಸಂಕ್ರಾಂತಿಗೆ ಕಿಚ್ಚು ಹಚ್ಚುವ ಯೋಚನೆ ಬೇಡವೇ ಬೇಡ. 2009ರ ಫೆಬ್ರುವರಿ 7ರ ಬೆಂಕಿಯಲ್ಲಿ ಈ ರಾಜ್ಯ 173 ಜನರನ್ನು ಕಳೆದುಕೊಂಡಿದೆ, ಬೆಂಕಿಯ ವಿಷಯದಲ್ಲಿ ನೆರೆಯವರು ಸುಮ್ಮನಿರುವುದಿಲ್ಲ, ಇರಲೂಬಾರದು. ಬೆಂಕಿಯಂಥ ಅಪಾಯದ ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ಇಬ್ಬರ ಫೋನಿನಲ್ಲೂ ಇರಲಿ.

ಚಪ್ಪಲಿ ಬಾಗಿಲಾಚೆ ಬಿಡುವುದು ನಮ್ಮ ರೂಢಿ. ಇಲ್ಲಿ ರೆಡ್‌ಬ್ಯಾಕ್ ಎಂಬ ವಿಷದ ಜೇಡ ಬೂಟಿನೊಳಗೆ, ಕುಂಡದ ಅಡಿಯಲ್ಲಿ, ಹೊರಗಿನ ಕುರ್ಚಿಯ ಕೆಳಗೆ ಗೂಡು ಮಾಡುತ್ತದೆ. ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ತಣ್ಣನೆ ಪ್ಯಾಕ್ ಇಡಿ, ಬಿಗಿಯಾಗಿ ಕಟ್ಟಬೇಡಿ, ವಿಷ ಮಾಹಿತಿ ಕೇಂದ್ರ 13 11 26ಕ್ಕೆ ಕರೆ ಮಾಡಿ. ಹುಲ್ಲಿನ ಪರಾಗ ಡಿಸೆಂಬರ್ ಕೊನೆವರೆಗೂ ಇರುತ್ತದೆ. ಯಾರಿಗಾದರೂ ಸೀನು, ದಮ್ಮು ಇದ್ದರೆ ಗುಡುಗು ಮಳೆಯ ಹೊತ್ತಿಗೆ ಒಳಗಿರಿ, ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಸಿಗುವ ನೀಲಿ ಪಫರ್ (ದಮ್ಮಿನ ಇನ್‌ಹೇಲರ್) ಮನೆಯಲ್ಲಿರಲಿ. 2016ರ ನವೆಂಬರಿನಲ್ಲಿ ಅಂಥ ಒಂದೇ ಸಂಜೆಯ ಬಿರುಮಳೆ ಪರಾಗದಿಂದ ದಮ್ಮು ಕೆರಳಿಸಿ ಈ ಊರಿನಲ್ಲಿ 10 ಜೀವ ತೆಗೆದಿದೆ.

ಮಾವು ಇಲ್ಲಿ ಡಿಸೆಂಬರಿನ ಹಣ್ಣು! ಕೆನ್ಸಿಂಗ್ಟನ್ ಪ್ರೈಡ್ ಎಂಬ ಜಾತಿ ಕೇಳಿ ತನ್ನಿ, ಘಮ ಇದೆ. ಬಿಡಿಯಾಗಿ ಕೊಳ್ಳದೆ ಪೆಟ್ಟಿಗೆಯನ್ನೇ ತಂದು ಫ್ರಿಜ್ಜಿನ ಹೊರಗಿಟ್ಟು ಹಣ್ಣು ಮಾಡಿ, ಕಾಯಿದ್ದಾಗ ಫ್ರಿಜ್ಜಿಗೆ ಹಾಕಿದರೆ ಸರಿಯಾಗಿ ಹಣ್ಣಾಗದು. ಹಿತ್ತಲ ಕ್ರಿಕೆಟ್ಟಿಗೆ ಕಸದ ಡಬ್ಬಿಯೇ ವಿಕೆಟ್ಟು. ಬೇಲಿ ಹಾರಿಸಿದರೆ ಸಿಕ್ಸರೂ ಹೌದು, ಔಟೂ ಹೌದು. ನಮ್ಮ ಒನ್ ಪಿಚ್ ಕ್ಯಾಚು ಇಲ್ಲಿಯೂ ಇದೆ, ಆದರೆ ಒಂದೇ ಕೈಯಲ್ಲಿ ಹಿಡಿಯಬೇಕು. ಪಕ್ಕದ ಮನೆ ಮಕ್ಕಳ ಪರಿಚಯವಾಗುವುದು ಚೆಂಡು ಕೇಳಲು ಹೋದಾಗಲೇ, ದೊಡ್ಡವರಲ್ಲೊಬ್ಬರು ಮೊದಲ ಸಲ ಜೊತೆಗೆ ಹೋಗಿ ಮಾತಾಡಿಸಿ.

ಶಾಲೆಯ ಟೋಪಿ ಜನವರಿ ಮೂರನೇ ವಾರದೊಳಗೆ ತಂದುಬಿಡಿ. ಅಗಲ ಅಂಚಿನದು, ಶಾಲೆಯ ಬಣ್ಣದ್ದೇ ಆಗಬೇಕು, ಒಳಗೆ ಹೆಸರು ಬರೆಯಿರಿ. ಟೋಪಿ ಇಲ್ಲದ ಮಗುವನ್ನು ಆಟದ ಹೊತ್ತಿನಲ್ಲಿ ನೆರಳಲ್ಲೇ ಕೂರಿಸುತ್ತಾರೆ. ಹೊಸ ಶಾಲೆಯ ಮೊದಲ ದಿನವೇ ಮಗುವಿಗೆ ಹಾಗಾಗುವುದು ಬೇಡ.